ಮಿತ್ಸುಯೆ ತೊಳೆದಿಟ್ಟ ಮನೆ

ನಮ್ಮ ಬೆಟ್ಟದ ಮೇಲೆ ಭತ್ತ ಸರಿಯಾಗಿ ಬೆಳೆಯುವುದಿಲ್ಲ. ಬೆಳೆಯುವುದು ಸೋಬಾ ಎಂಬ ಕಪ್ಪು ಕಾಳು. ಪಕ್ಕದ ಮನೆಯ ಮಿತ್ಸುಯೆ ಅದರ ಹಿಟ್ಟಿನಿಂದ ನಲವತ್ತೊಂದು ವರ್ಷ ಶಾವಿಗೆ ಮಾಡಿ ಮಾರಿದಳು. ಗಂಡ ತೀರಿಕೊಂಡ ಮೂರನೆಯ ದಿನವೂ ಅಂಗಡಿ ತೆರೆದಿದ್ದಳು. ಶಾವಿಗೆಯನ್ನು ಸದ್ದಿಲ್ಲದೆ ನಾಜೂಕಾಗಿ ತಿನ್ನುವ ಪಟ್ಟಣದವರನ್ನು ಕಂಡರೆ, "ಏನ್ರೀ, ಜ್ವರ ಬಂದವರ ಥರ ತಿಂತೀರಾ? ಸೊರ್ರಂತ ಎಳೀರಿ" ಎಂದು ಗದರುತ್ತಿದ್ದಳು. ಬೈಸಿಕೊಳ್ಳಲೆಂದೇ ಬರುವವರಿದ್ದರು.

ಅವಳ ಮೊಮ್ಮಗ ಇತ್ಸುಕಿಗೆ ಸೋಬಾ ವಿಷ. ಒಂದು ಚೂರು ಒಳಗೆ ಹೋದರೂ ಗಂಟಲು ಊದಿ ಉಸಿರು ಕಟ್ಟುತ್ತದೆ. ಅವನಿಗೆ ಎರಡು ವರ್ಷವಿದ್ದಾಗ ಸೊಸೆ ಅಯಾನೊ ಇದನ್ನು ಹೇಳಿದಳು; ಮಿತ್ಸುಯೆ ನಂಬಲಿಲ್ಲ. "ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ್ದು ಇವನಿಗೆ ಎಲ್ಲಿಂದ ಬಂತು" ಎಂದು ಒಂದೇ ಒಂದು ಎಳೆ ತಿನ್ನಿಸಿದಳು. ಮಗು ನಾಲ್ಕು ದಿನ ಆಸ್ಪತ್ರೆಯಲ್ಲಿತ್ತು. ಆಮೇಲೆ ಮೂರು ಚಳಿಗಾಲ ಮಗನ ಮನೆಯವರು ಹೊಸ ವರ್ಷಕ್ಕೆ ಬರಲಿಲ್ಲ. ಅಯಾನೊ ಜಗಳವಾಡುವವಳಲ್ಲ. ಪ್ರತಿ ಡಿಸೆಂಬರಿನಲ್ಲಿ ಒಂದು ಕಾಗದ ಬರುತ್ತಿತ್ತು: ಈ ವರ್ಷವೂ ಹಿಮ ಹೆಚ್ಚಂತೆ, ಚಿಕ್ಕ ಮಗುವಿನೊಂದಿಗೆ ಪ್ರಯಾಣ ಕಷ್ಟ. ನಡುವೆ ಹುಟ್ಟಿದ ಮೊಮ್ಮಗಳು ನೀನಾಳನ್ನು ಮಿತ್ಸುಯೆ ಫೋಟೋದಲ್ಲಿ ಮಾತ್ರ ನೋಡಿದ್ದಳು.

ಹೋದ ಶರತ್ಕಾಲದಲ್ಲಿ ಅವಳು ಅಂಗಡಿ ಮುಚ್ಚಿದಳು. ಬೀಸುವ ಕಲ್ಲನ್ನು ಕೆಳಗಿನ ಊರಿನವರಿಗೆ ಕೊಟ್ಟಳು. ಸೊಸೆಗೆ ಕಾಗದ ಬರೆದಳು. ಎರಡು ರಾತ್ರಿ ಉಳಿಯುತ್ತೇವೆ ಎಂದು ಉತ್ತರ ಬಂತು.

ಆಮೇಲೆ ಅವಳು ಒಂದು ತಿಂಗಳು ಮನೆ ತೊಳೆದಳು. ಸೋಬಾ ಹಿಟ್ಟು ಕೂತ ತೊಲೆಗಳನ್ನು ಒರೆಸಿದಳು, ಲಟ್ಟಣಿಗೆ, ಮಣೆ, ಹಳೆಯ ಏಪ್ರನ್‌ಗಳನ್ನು ಸುಟ್ಟಳು, ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಂಡಳು. ಏಣಿ ಹಿಡಿದುಕೊಂಡು ನಿಂತವಳು ನಾನು, ಹುಡುಗಿಯರ ಶಾಲೆಯ ನಿವೃತ್ತ ಟೀಚರು.

"ಅತಿ ಮಾಡ್ತಿದ್ದೀಯ, ಮಿತ್ಸುಯೆ."

"ಅತಿಯಾದ್ರೆ ಯಾರೂ ಸಾಯಲ್ಲ ಟೀಚರಮ್ಮ. ಸುಮ್ನೆ ಏಣಿ ಹಿಡ್ಕೊಳಿ, ನಿಮ್ಗೆ ಪಾಠ ಮಾಡೋಕೆ ಇಲ್ಲಿ ಹುಡುಗೀರಿಲ್ಲ."

ಡಿಸೆಂಬರ್ ಮೂವತ್ತರ ಬೆಳಿಗ್ಗೆ ಮಗ ತಕುರೋ ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಬಂದ. ಹಿಮ ಬೀಳುತ್ತಲೇ ಇತ್ತು. ಅಯಾನೊ ಅಡುಗೆಮನೆಗೆ ಹೋಗಿ ಒಂದೊಂದು ಸೀಸೆಯನ್ನೂ ತಿರುಗಿಸಿ ಚೀಟಿ ಓದಿದಳು. ಊರಿನವರನ್ನೆಲ್ಲ ಗದರಿಸಿದ ಮಿತ್ಸುಯೆ ಕೈಕಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ತುಂಬ ಕಷ್ಟಪಟ್ಟಿದ್ದೀರಿ, ಅತ್ತೆ" ಎಂದಳು ಅಯಾನೊ ಕೊನೆಗೆ.

ಅನ್ನ, ಮೀನು, ಮೂಲಂಗಿಯ ಊಟವಾಯಿತು. ಒಣ ಹಣ್ಣು ಕೊಡಲು ಹೋದ ನನ್ನನ್ನೂ ಕೂರಿಸಿಕೊಂಡರು. ಇತ್ಸುಕಿ ಎರಡು ಬಟ್ಟಲು ಅನ್ನ ತಿಂದು ಹಿಂದಿನ ಕೋಣೆಯಲ್ಲಿ ಮಲಗಿದ. ಅರ್ಧ ಗಂಟೆಯೊಳಗೆ ಆ ಕೋಣೆಯಿಂದ ಗರಗಸ ಎಳೆದಂಥ ಉಸಿರಿನ ಸದ್ದು ಬಂತು.

ತುಟಿ ದಪ್ಪಗಾಗಿತ್ತು. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತ್ತು. ಅಯಾನೊ ಅವನಿಗೆಂದೇ ಸದಾ ಚೀಲದಲ್ಲಿಟ್ಟುಕೊಳ್ಳುತ್ತಿದ್ದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. ತಕುರೋ ಆಂಬ್ಯುಲೆನ್ಸಿಗೆ ಫೋನ್ ಮಾಡಿದ. ಹಿಮ ತೆಗೆಯುವ ಗಾಡಿಯ ಹಿಂದೆಯೇ ಬರಬೇಕು, ಐವತ್ತು ನಿಮಿಷವಾಗುತ್ತದೆ ಎಂದರು. ಹತ್ತು ನಿಮಿಷದಲ್ಲಿ ಉಸಿರು ಸಡಿಲವಾಯಿತು. ಮಗುವನ್ನು ಮತ್ತೆ ಹಾಸಿಗೆಯಲ್ಲಿ ಮಲಗಿಸಿದೆವು.

ಉಸಿರು ಮತ್ತೆ ಕಟ್ಟತೊಡಗಿತು. ಇದ್ದದ್ದು ಒಂದೇ ಇಂಜೆಕ್ಷನ್.

"ಅತ್ತೆ, ಏನು ಹಾಕಿದ್ರಿ?"

"ಏನೂ ಹಾಕಿಲ್ಲ."

"ನಿಜ ಹೇಳಿ. ಬೈಯಲ್ಲ. ಡಾಕ್ಟ್ರು ಕೇಳ್ತಾರೆ, ಹೇಳ್ಬೇಕು."

"ಏನೂ ಇಲ್ಲ ಕಣಮ್ಮ. ಈ ಮನೇಲಿ ಒಂದು ಕಾಳೂ ಇಲ್ಲ."

"ಆವತ್ತೂ ಏನೂ ಆಗಲ್ಲ ಅಂತಾನೇ ಅಂದಿದ್ರಿ."

ಮಿತ್ಸುಯೆ ಚಾಪೆಯ ಮೇಲೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದಳು. ತಕುರೋ ಅಡುಗೆಮನೆಯ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಪೊಟ್ಟಣಗಳನ್ನು ಹುಡುಕುತ್ತಿದ್ದ. ಮಗುವಿನ ಉಗುರು ನೀಲಿಯಾಗುತ್ತಿತ್ತು.

ಕೂರಿಸಿದರೆ ಉಸಿರಾಡಲು ಸುಲಭವಾದೀತೆಂದು ನಾನು ಅವನ ತಲೆಯ ಕೆಳಗೆ ಕೈ ಹಾಕಿ ಎತ್ತಿದೆ. ದಿಂಬು ಸರಸರ ಎಂದಿತು.

ನಮ್ಮಲ್ಲಿ ದಿಂಬಿಗೆ ತುಂಬುವುದು ಸೋಬಾ ಕಾಳಿನ ಹೊಟ್ಟನ್ನು. ಹುಟ್ಟಿದಾಗಿನಿಂದ ನಾವು ಅದರ ಮೇಲೆ ತಲೆಯಿಟ್ಟವರು. ನಮಗೆ ಅದು ದಿಂಬು, ಸೋಬಾ ಅಲ್ಲ. ಮೂವತ್ತಾರು ವರ್ಷ ರಸಾಯನಶಾಸ್ತ್ರ ಕಲಿಸಿದ ನಾನು ಆ ಕೋಣೆಯನ್ನು ಅವಳ ಜೊತೆ ನಿಂತು ಒರೆಸಿದ್ದೆ. ನನಗೂ ಹೊಳೆದಿರಲಿಲ್ಲ.

"ದಿಂಬು" ಎಂದೆ. "ಅದರ ಧೂಳು ಉಸಿರಿಗೆ ಹೋಗ್ತಿದೆ. ಮಗೂನ ಈ ಕೋಣೆಯಿಂದ ಆಚೆ ತಗೊಂಡ್ಹೋಗಿ. ಬಟ್ಟೆ ಬಿಚ್ಚಿ, ಮುಖ ತೊಳೀರಿ."

ಮಿತ್ಸುಯೆ ತಲೆಯೆತ್ತಿದಳು. "ಅದು ತಕುರೋದು" ಎಂದಳು. "ಅವನು ಚಿಕ್ಕೋನಿದ್ದಾಗಿಂದು. ಹೊಸ ಹೊಟ್ಟು ತುಂಬ್ಸಿದ್ದೆ."

ಅಯಾನೊ ಮಗುವನ್ನು ಹೊದಿಕೆಯಲ್ಲಿ ಸುತ್ತಿ ಹೊರಬಾಗಿಲ ಹತ್ತಿರ ಎದೆಗಾನಿಸಿಕೊಂಡು ಕೂತಳು. ಅವನ ಒಂದೊಂದು ಉಸಿರಿಗೂ ಅವಳ ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದಳು. ತಕುರೋ ಸಲಿಕೆ ಹಿಡಿದು ದಾರಿಯ ಹಿಮ ಎತ್ತಿಹಾಕುತ್ತಿದ್ದ. ಆಂಬ್ಯುಲೆನ್ಸ್ ಬಂದಾಗ ಮಗುವಿಗೆ ಅಳಲು ಕೂಡ ಶಕ್ತಿಯಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಅದರೊಡನೆ ಹೋದರು.

ಉಳಿದವಳು ಒಂದೂವರೆ ವರ್ಷದ ನೀನಾ. ಅತ್ತು ಅತ್ತು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು. ನಾನು ದಿಂಬುಗಳನ್ನೆಲ್ಲ ಚೀಲಕ್ಕೆ ತುಂಬಿ ಹೊರಗೆ ಹಿಮದಲ್ಲಿಟ್ಟು ಬಂದೆ.

"ಮಗೂನ ಕೆಳಗೆ ಮಲಗ್ಸು, ಮಿತ್ಸುಯೆ. ನಿನ್ನ ಕಾಲು ಮರಗಟ್ಟುತ್ತೆ."

"ಎಲ್ಲಿ ಮಲಗಿಸ್ಲಿ? ಈ ಮನೇಲಿ ಎಲ್ಲಿ ಮಲಗಿಸ್ಲಿ, ನೀವೇ ಹೇಳಿ."

ಗೋಡೆಗೂ ಒರಗದೆ ಅವಳು ನೆಟ್ಟಗೆ ಕೂತಿದ್ದಳು. ಎರಡು ತಾಸಾದ ಮೇಲೆ ಫೋನ್ ಬಂತು. ನಾನು ಎತ್ತಿ ಅವಳ ಕಿವಿಗೆ ಹಿಡಿದೆ. ಅಯಾನೊಳ ದನಿ ನನಗೂ ಕೇಳಿಸುತ್ತಿತ್ತು.

"ಉಸಿರಾಟಕ್ಕೆ ಕೊಳವೆ ಹಾಕಿದಾರೆ. ಬದುಕ್ತಾನೆ ಅಂದ್ರು."

ಮಿತ್ಸುಯೆ ತೊಡೆಯ ಮೇಲಿದ್ದ ಮಗುವಿನ ಪಾದವನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

"ನೀನಾ ಎಲ್ಲಿದಾಳೆ?"

"ನನ್ನ ತೊಡೆ ಮೇಲೆ. ಮಲಗಿದಾಳೆ."

"ನಾನು ಬರೋವರೆಗೂ ಅಲ್ಲೇ ಇರ್ಲಿ, ಅತ್ತೆ. ಕೆಳಗಿಳಿಸ್ಬೇಡಿ."

"ಇಳಿಸಲ್ಲ" ಎಂದಳು ಮಿತ್ಸುಯೆ.