ಓರ್ಸೋಲ ಕಲಿಸಿದ ಮಾತು

ಪೆತ್ರಾಮಾರಿನ ಅರಮನೆಯಲ್ಲಿ ಓರ್ಸೋಲ ಮೂವತ್ತೊಂಬತ್ತು ವರ್ಷ ಇಸ್ತ್ರಿ ಮಾಡಿದಳು. ಎರಡು ತಲೆಮಾರಿನ ಅರಸರ ಅಂಗಿಗಳು ಅವಳ ಕೈಯಲ್ಲಿ ಗರಿಗರಿಯಾದವು. ಆದರೂ ಊರಲ್ಲಿ ಅವಳ ಹೆಸರೆತ್ತಿದರೆ ಅಂಗಿಯ ಸುದ್ದಿ ಯಾರಿಗೂ ಬೇಡ. ಅವಳು ರಾಣಿಗೆ ಕಲಿಸಿದ ಒಂದು ಮಾತಿನ ಸುದ್ದಿಯೇ ಬೇಕು.

ಸಂಸ್ಥಾನ ಅಂದರೆ ಸಮುದ್ರಕ್ಕೆ ಮೂತಿ ಚಾಚಿದ ಒಂದು ಬಂಡೆ, ಅಷ್ಟೇ. ಮೇಲೆ ಅರಮನೆ ಮತ್ತು ದೊಡ್ಡವರ ಮನೆಗಳು, ಬುಡದಲ್ಲಿ ಬಂದರು ಮತ್ತು ಬೆಸ್ತರ ಕೆಳಕೇರಿ. ಓರ್ಸೋಲ ಕೆಳಕೇರಿಯಲ್ಲೇ ಹುಟ್ಟಿ, ಅಲ್ಲಿಗೇ ಸೊಸೆಯಾದವಳು. ದಿನಾ ಇನ್ನೂರ ಹದಿನಾಲ್ಕು ಮೆಟ್ಟಿಲು ಹತ್ತಿ, ಇಳಿದು, ಅವಳ ಮೊಣಕಾಲು ಮೂವತ್ತಕ್ಕೇ ಮುದಿಯಾಗಿತ್ತು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಅರಸು ಅಮೆರಿಕದ ಸಿನಿಮಾ ನಟಿ ಲೊರೇನ್ ಆಷ್‌ಬಿಯನ್ನು ಮದುವೆಯಾದ. ಬಂದರಿನ ಟಾಕೀಸಿನಲ್ಲಿ ಅವಳ ಒಂದೇ ಚಿತ್ರವನ್ನು ಓರ್ಸೋಲ ಮೂರು ಸಲ ನೋಡಿದ್ದಳು. ಗಂಡ ಬತ್ತಿಸ್ತ ಮಾತ್ರ ಮೂಗು ಮುರಿದ. "ಪರದೆ ಮೇಲೆ ಚೆಂದ ಕಣೆ. ಸಂತ ಎರಾಸ್ಮನ ಹಬ್ಬದ ದಿನ ಬಾಯಿ ಬಿಡ್ಲಿ, ನೋಡೋಣ."

ಅವನ ಮಾತಿನಲ್ಲಿ ಹುರುಳಿತ್ತು. ಹೊಸ ರಾಣಿ ಮೊದಲ ಹಬ್ಬಕ್ಕೆ ಬಂದರಿಗೆ ಇಳಿಯಬೇಕು. ಕೆಳಕೇರಿಯ ಹಿರಿಯ ಮುದುಕಿ ಅವಳನ್ನು ತಡೆದು, "ಯಾರ ಮನೆಯವಳೇ ನೀನು?" ಎಂದು ಕೇಳುತ್ತಾಳೆ. ಬಂಡೆಯ ಭಾಷೆಯಲ್ಲೇ ಉತ್ತರ ಕೊಡಬೇಕು. ಅರಸನ ಅಜ್ಜಿ ಫ್ರೆಂಚಿನಲ್ಲಿ ಉತ್ತರಿಸಿದ್ದಳಂತೆ. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಅವಳು ಸಾಯುವ ತನಕ ಮೂವತ್ತೊಂದು ವರ್ಷ ಅವಳ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ.

ಹೊಸ ರಾಣಿಗೆ ಅರಮನೆಯ ಪಂತೋಜಿಯೊಬ್ಬ ಮೂರು ವಾರ ವ್ಯಾಕರಣ ರುಬ್ಬಿದ. ನಾಲಿಗೆ ಹೊರಳಲಿಲ್ಲ. ಒಂದು ಬೆಳಿಗ್ಗೆ ಅವಳೇ ಇಸ್ತ್ರಿ ಕೋಣೆಗೆ ಬಂದಳು. ಓರ್ಸೋಲ ಕೈ ಸುಟ್ಟುಕೊಂಡು ಇಸ್ತ್ರಿಪೆಟ್ಟಿಗೆಯ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಬಾಗಿಲಲ್ಲಿ ರಾಣಿಯನ್ನು ಕಂಡು ಬೈಗುಳವನ್ನು ಅರ್ಧಕ್ಕೇ ನುಂಗಿದಳು.

"ನಿಲ್ಲಿಸ್ಬೇಡ. ಅದನ್ನೇ ಕಲಿಸು ನಂಗೆ," ಎಂದಳು ರಾಣಿ, ಹರಕು ಮುರುಕು ಭಾಷೆಯಲ್ಲಿ.

"ಅಯ್ಯೋ, ಅದು ಬೈಗುಳ, ಅಮ್ಮಾವ್ರೆ."

"ಬೈಯೋಕೆ ಬಂದ್ರೆ ಮಿಕ್ಕಿದ್ದೆಲ್ಲ ತಾನೇ ಬರುತ್ತೆ."

ಅಂದಿನಿಂದ ದಿನಾ ಒಂದು ಗಂಟೆ. ರಾಣಿಯನ್ನು ಚೆಲುವೆ ಎಂದಷ್ಟೇ ತಿಳಿದಿದ್ದ ಓರ್ಸೋಲ ಅವಳ ದುಡಿಮೆ ಕಂಡು ಬೆರಗಾದಳು. ಒಂದು ವಾಕ್ಯವನ್ನು ಅರವತ್ತು ಸಲ ಹೇಳುವಳು. ಬೇಸರವಿಲ್ಲ, ಸಿಡುಕಿಲ್ಲ. ಹಲ್ಲು ಕೀಳುವವನ ಹಾಗೆ ಓರ್ಸೋಲಳ ಬಾಯಿ ತೆರೆಸಿ, ನಾಲಿಗೆ ಎಲ್ಲಿ ತಾಗುತ್ತದೆ ಎಂದು ಬಗ್ಗಿ ನೋಡುವಳು. ಲೋಕವೇ ನೋಡಲು ಹಾತೊರೆಯುವ ಹೆಣ್ಣು ತನ್ನ ಹುಳುಕು ಹಲ್ಲು ನೋಡುತ್ತಿದ್ದಾಳಲ್ಲ ಎಂದು ಓರ್ಸೋಲಳಿಗೆ ನಾಚಿಕೆಯಾಗುತ್ತಿತ್ತು.

ಹಬ್ಬದ ಉತ್ತರವನ್ನೂ ಕಲಿಸಿದಳು. ತಾನು ಮದುವೆಯಾಗಿ ಹೊಸಿಲು ದಾಟಿದಾಗ ಅತ್ತೆಗೆ ಏನು ಹೇಳಿದ್ದಳೋ ಅದನ್ನೇ: "ನಾ ನಿಮ್ ಮನೆ ಬಲೆಗಾತಿ."

ಹಬ್ಬದ ಬೆಳಿಗ್ಗೆ ರಾಣಿಯ ಮೇಲಂಗಿಯನ್ನು ಕೊನೆಯ ಸಲ ತೀಡುವಾಗ ಜೇಬಿನಿಂದ ಒಂದು ಚೀಟಿ ಬಿತ್ತು. ಅರಮನೆಯ ಪಾರುಪತ್ಯಗಾರ ಕಾಸ್ಟಲ್ದಿಯ ದುಂಡನೆ ಅಕ್ಷರದಲ್ಲಿ ಹಬ್ಬದ ಉತ್ತರ: "ನಾನು ತಮ್ಮ ಮನೆಯ ಕುಲವಧು."

ಓರ್ಸೋಲ ಅದನ್ನು ಎರಡು ಸಲ ಓದಿದಳು. ಆಗ ತನ್ನ ತಪ್ಪು ಹೊಳೆಯಿತು. ಕೆಳಕೇರಿಯಲ್ಲಿ ಸೊಸೆಗೆ ಬಲೆಗಾತಿ ಎಂದೇ ಹೆಸರು. ಬಂದ ದಿನವೇ ಹರಿದ ಬಲೆಗೆ ಕೂರುವವಳು ಅವಳು. ಮೇಲಿನವರ ಬಾಯಲ್ಲಿ ಅದೇ ಪದ ಬೈಗುಳ. ಗಂಡುಬೀರಿಗೆ, ನಡತೆಗೆಟ್ಟವಳಿಗೆ ಹಾಗೆನ್ನುತ್ತಾರೆ. ಹುಟ್ಟಿದಾಗಿನಿಂದ ಎರಡನ್ನೂ ಕೇಳಿದ್ದವಳಿಗೆ ಕಲಿಸುವಾಗ ಮಾತ್ರ ಹೊಳೆದಿರಲಿಲ್ಲ. ಮೇಲಂಗಿಯನ್ನು ದಾಸಿಯ ಕೈಗೆ ತುರುಕಿ, ಎಚ್ಚರಿಸಲು ಓಡಿದಳು. ಕಾವಲಿನವರು ಬಿಡಲಿಲ್ಲ. ಮೆಟ್ಟಿಲಿಳಿದು ಬಂದರು ಸೇರುವಷ್ಟರಲ್ಲಿ ರಾಣಿಯ ಕಾರು ಬಂದಾಗಿತ್ತು.

ತೊಂಬತ್ತು ದಾಟಿದ ಪೆರ್ಪೆತ್ವಜ್ಜಿ ಕೋಲೂರಿ ಅಡ್ಡ ನಿಂತಳು. "ಯಾರ ಮನೆಯವಳೇ ನೀನು?"

"ನಾ ನಿಮ್ ಮನೆ ಬಲೆಗಾತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಾಸ್ಟಲ್ದಿಯ ಮುಖ ಸುಣ್ಣ ಬಳಿದಂತಾಯಿತು. ದೊಡ್ಡಮನೆಯ ಹೆಂಗಸರು ಬೀಸಣಿಗೆ ನಿಲ್ಲಿಸಿದರು. ನೆಲ ಬಾಯಿಬಿಡಬಾರದೇ ಎಂದುಕೊಂಡಳು ಓರ್ಸೋಲ. ತನ್ನ ಕೆಲಸ ಹೋದರೆ ಹೋಗಲಿ, ಈ ಹೆಣ್ಣಿನ ಬಾಳು ಹೀಗಾಯಿತಲ್ಲ.

ಅಜ್ಜಿಗೆ ಕಿವಿ ಮಂದ. "ಏನಂದೆ? ಜೋರಾಗಿ ಹೇಳು."

ರಾಣಿ ಮತ್ತೆ ಹೇಳಿದಳು. ಈ ಸಲ ಬಂದರಿನ ಆ ತುದಿಗೂ ಕೇಳಿಸುವ ಹಾಗೆ, ಕೊನೆಯನ್ನು ಕೊಂಚ ಎಳೆದು, ಥೇಟ್ ಕೆಳಕೇರಿಯ ರಾಗದಲ್ಲಿ.

ಅಜ್ಜಿ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಂಗಾದ್ರೆ ಕೈಗವಸು ಬಿಚ್ಚು. ಬಲೆಗಾತಿಗೆ ಅದ್ಯಾಕೆ?"

ರಾಣಿ ಬಿಚ್ಚಿದಳು. ಅಜ್ಜಿ ಆ ಬರಿಗೈ ಹಿಡಿದು ಮೇಲೆತ್ತಿದಳು. "ಮೆತ್ತಗದೆ. ಆದ್ರೂ ನಮ್ದೇ ಕಣ್ರೋ."

ದೋಣಿಗಳ ಶಂಖಗಳೆಲ್ಲ ಒಟ್ಟಿಗೆ ಮೊಳಗಿದವು. ಮೂಗು ಮುರಿದಿದ್ದ ಬತ್ತಿಸ್ತ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಸಂಜೆ ಕಾಸ್ಟಲ್ದಿ ಇಸ್ತ್ರಿ ಕೋಣೆಗೇ ಬಂದ. "ಅರಮನೆ ಮರ್ಯಾದೇನ ಮೀನಿನ ಬುಟ್ಟೀಲಿ ಇಟ್ಟೆಯಲ್ಲೇ. ನಾಳೆಯಿಂದ ಬರ್ಬೇಡ."

"ಅವಳು ಬರ್ತಾಳೆ," ಎಂದಳು ಹಿಂದೆ ನಿಂತಿದ್ದ ರಾಣಿ. ಅವನು ತಲೆತಗ್ಗಿಸಿ ಹೊರನಡೆದ.

"ತಪ್ಪಾಯ್ತು ಅಮ್ಮಾವ್ರೆ," ಓರ್ಸೋಲ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡಳು. "ಮೇಲಿನೋರಿಗೆ ಅದು ಕೆಟ್ಟ ಮಾತು. ನಿಮಗೆ ಹೇಳಿರ್ಲಿಲ್ಲ."

"ಗೊತ್ತಿತ್ತು. ಆ ಪದ ಆಡ್ಲೇಬಾರ್ದು ಅಂತ ಪಂತೋಜಿ ಮೊದಲ್ನೇ ದಿನಾನೇ ಹೇಳಿದ್ದ."

"ಗೊತ್ತಿದ್ದೂ ಆಡಿದ್ರಾ?"

"ಕುಲವಧು ಅಂತ ಹೇಳ್ಕೊಡುವಾಗ ಪಂತೋಜಿ ಕಣ್ಣು ಪುಸ್ತಕದ ಮೇಲಿತ್ತು. ಬಲೆಗಾತಿ ಅನ್ನುವಾಗ ನಿನಗೆ ನಿನ್ನ ಅತ್ತೆ ನೆನಪಾಗ್ತಿದ್ಲು. ಎಡಗಡೆ ತುಟಿ ಒಂಚೂರು ನಡುಗ್ತಿತ್ತು. ಪ್ರತಿ ಸಲಾನೂ. ಅದನ್ನ ನೋಡಿದ್ಮೇಲೆ ಇನ್ನೊಂದು ಪದ ನನ್ನ ಬಾಯಿಗೆ ಬರ್ಲಿಲ್ಲ."

ಓರ್ಸೋಲ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ತಾನು ರಾಣಿಯನ್ನು ಪರದೆ ಮೇಲೆ ಮೂರು ಸಲ ನೋಡಿದ್ದೇನೆಂದು ಕೇರಿಯಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು. ಹೆತ್ತವಳಾಗಲಿ ಕಟ್ಟಿಕೊಂಡವನಾಗಲಿ ತನ್ನ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ.