ಎಡೆಯ ಹಸಿರು ಸೀರೆ

“ಅವ್ವಾ, ವರ್ಸಾ ವರ್ಸಾ ಈ ಸೀರೆ ನಂಗೇ ಯಾಕೆ? ಈ ಸಲ ಸೊಸೆಗೆ ಕೊಟ್ಬುಡು” ಎಂದಳು ಅಮ್ಮ. ಭೀಮನಬೀಡಿನ ಅಜ್ಜಿಯ ಮನೆಯಲ್ಲಿ ಹಿರಿಯರ ಹಬ್ಬದ ಎಡೆ ಆಗಷ್ಟೇ ಮುಗಿದಿತ್ತು. ತೀರಿಕೊಂಡ ತನ್ನ ಅಕ್ಕನ ಹೆಸರಿನಲ್ಲಿ ಅಜ್ಜಿ ಪ್ರತಿ ವರ್ಷ ಎಡೆಗೆ ಒಂದು ಹಸಿರು ಸೀರೆ ಇಡುತ್ತಾಳೆ. ಆಮೇಲೆ ಅದನ್ನು ಅಮ್ಮನಿಗೇ ಕೊಡುತ್ತಾಳೆ. ಮನೆಮಗಳಿಗೆ ಕೊಡುವ ಪದ್ಧತಿ ಎಂದೇ ನಾವೆಲ್ಲ ತಿಳಿದಿದ್ದೆವು.

ಅಜ್ಜಿ ತಲೆ ಎತ್ತಲಿಲ್ಲ. “ಬ್ಯಾರೇರು ಉಡಂಗಿಲ್ಲ ಕಣಮ್ಮಿ. ಇದು ನಿನ್ನ ಎತ್ತವ್ವನ ಸೀರೆ.”

ಅಮ್ಮನಿಗೆ ಈಗ ಐವತ್ತೆಂಟು. ಅವಳನ್ನು ಹೆತ್ತ ಮೂರನೇ ದಿನವೇ ಅಜ್ಜಿಯ ಅಕ್ಕ ಸತ್ತಳಂತೆ. ಕೂಸು ನೋಡಿಕೊಳ್ಳಲೆಂದು ಹದಿನಾಲ್ಕರ ತಂಗಿಯನ್ನು ಅದೇ ಭಾವನಿಗೆ ಮದುವೆ ಮಾಡಿದರಂತೆ. ಮಲತಾಯಿ ಎಂಬ ಮಾತು ಕೂಸಿನ ಕಿವಿಗೆ ಎಂದೂ ಬೀಳಬಾರದೆಂದು ಹಿರಿಯರು ಆಣೆ ಮಾಡಿಸಿಕೊಂಡಿದ್ದರಂತೆ. ಆಣೆ ಮಾಡಿಸಿದವರು ಯಾರೂ ಈಗ ಉಳಿದಿಲ್ಲ.

ಅಮ್ಮ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದವಳೇ ನೇರ ಅಡುಗೆಮನೆಗೆ ಹೋದಳು. ಎಂದೋ ಕೊಟ್ಟ ಹಸಿರು ಸೀರೆಯೊಂದನ್ನು ಹರಿದು ಸ್ಟೌ ಒರೆಸುವ ಬಟ್ಟೆ ಮಾಡಿಕೊಂಡಿದ್ದಳು. ಆ ತುಂಡನ್ನು ಒಗೆದು, ಒಣಗಿಸಿ, ಮಡಿಚಿ ದೇವರ ಗೂಡಿನಲ್ಲಿಟ್ಟಳು. ಈಗಲೂ ಅಲ್ಲೇ ಇದೆ. ಎಣ್ಣೆಯ ಕಲೆ ಹೋಗಿಲ್ಲ.