ವೇಲ್ಸಿಗೆ ಬರ ಬೇಡಿದ್ದು

ಹ್ಯೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವರು ವೇಲ್ಸ್ ದೇಶದ ಹೆಂಗಸು, ಇಲ್ಲಿನ ಎಣ್ಣೆ ಕಂಪನಿಯೊಂದರಲ್ಲಿ ದುಡಿದು ರಿಟೈರ್ ಆದವರು. ಅವರ ಊರಿನ ಗುಡ್ಡದ ಮೇಲೆ ಒಂದು ಹಳೇ ಕಲ್ಲಿನ ಚರ್ಚ್ ಇದೆ. ಕಟ್ಟಿದವರು ಯಾರೋ ಊರಿಗೇ ಗೊತ್ತಿಲ್ಲ. ಸುತ್ತ ಕುರಿಗಳೇ ಹೆಚ್ಚು, ಜನ ಕಡಿಮೆ. ಅವರ ಅಪ್ಪ ಅಮ್ಮ ಮಣ್ಣಾಗಿರುವುದು ಅದರ ಅಂಗಳದಲ್ಲೇ. ಪ್ರಾರ್ಥನೆಗೆ ಜನ ಸೇರದಿದ್ದರೆ ಚರ್ಚಿಗೆ ಬೀಗ ಹಾಕುತ್ತೇವೆ ಎಂದು ಮೇಲಿನವರು ಹೇಳಿ ಕಳಿಸಿದ್ದರು. ವಿಡಿಯೋದಲ್ಲಿ ಬಂದವರೂ ಲೆಕ್ಕಕ್ಕೆ ಸೇರುತ್ತಾರೆ ಎಂದು ತಿಳಿದದ್ದೇ ತಡ, ನಮ್ಮ ಕನ್ನಡದ ಹೆಂಗಸರನ್ನೆಲ್ಲ ಒಟ್ಟು ಹಾಕಿದೆ. ಇನ್ನೊಬ್ಬರ ಮನೆ ಕೆಲಸವೆಂದರೆ ನನಗೆ ಎಲ್ಲಿಲ್ಲದ ಹುರುಪು.

ಪಕ್ಕದ ಮನೆಯವರು ತಮ್ಮ ವೆಲ್ಷ್ ಭಾಷೆಯಲ್ಲಿ ಹೇಳಿದ ಪ್ರಾರ್ಥನೆಯನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ನಾಲಿಗೆ ಹೊರಳದೆ ಎಲ್ಲರೂ ಉಗುಳು ಸಿಡಿಸಿ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಬಿಜಾಪುರದ ಆಂಟಿ ಮಾತ್ರ ಒಂದು ಪದಕ್ಕೆ ಬಂದು ನಿಂತುಬಿಟ್ಟರು. ಅಲ್ಲಿ ‘ಬರ’ ಎಂದಿತ್ತು.

“ದೇವರ ಮುಂದ ನಿಂತು ಬರ ಬೇಡೂದಾ? ನಾ ಒಲ್ಲೆ ನೋಡ್ರಿ.”

ವೆಲ್ಷಿನಲ್ಲಿ ಬರ ಅಂದರೆ ರೊಟ್ಟಿ, ದಿನದ ರೊಟ್ಟಿ ಕೊಡಪ್ಪಾ ಎಂದು ಕೇಳುವುದಷ್ಟೇ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ದೇವರಿಗೆ ಕನ್ನಡವೂ ಬರುತ್ತದಲ್ಲ, ಹೆದರಿಕೆ ಅದಕ್ಕೇ ಎಂದರು. ಆ ಒಂದು ಪದಕ್ಕೆ ಅವರು ಬಾಯಿ ಮುಚ್ಚಿಕೊಳ್ಳುವುದೆಂದು ರಾಜಿಯಾಯಿತು.

ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು ಪಕ್ಕದ ಮನೆಯ ಟಿವಿ ಮುಂದೆ ಸಾಲಾಗಿ ಕೂತೆವು. ಅತ್ತ ಚರ್ಚಿನಲ್ಲಿ ನಾಲ್ಕೈದು ಮುದುಕರು, ಬೀಗದ ವಿಚಾರಕ್ಕೆ ಬಂದ ಅಧಿಕಾರಿ. ಹೊರಗೆ ಧೋ ಎಂದು ಮಳೆ. ಒಳಗೂ ಮಳೆಯೇ! ಚಾವಣಿ ಸೋರಿ ಬಕೆಟ್ಟಿಗೆ ತಟತಟ ಬೀಳುವ ಸದ್ದು ಹ್ಯೂಸ್ಟನ್ನಿಗೂ ಕೇಳಿಸುತ್ತಿತ್ತು. ಪಕ್ಕದ ಮನೆಯವರ ಕಣ್ಣು ತುಂಬಿತು. ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು.

ಪ್ರಾರ್ಥನೆ ಆ ಪದಕ್ಕೆ ಬಂತು. ಬಕೆಟ್ಟನ್ನೇ ನೋಡುತ್ತಿದ್ದ ಆಂಟಿ ಎದ್ದು ನಿಂತು, ಕೈ ಮುಗಿದು, ಎಲ್ಲರಿಗಿಂತ ಜೋರಾಗಿ “ಬರ” ಎಂದರು.

ಎಲ್ಲ ಮುಗಿದ ಮೇಲೆ ಅಧಿಕಾರಿ, ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದವರು ವೇಲ್ಸಿನ ಯಾವ ಊರಿನವರು ಎಂದು ಕೇಳಿದ. ನಾವು ಬಿದ್ದು ಬಿದ್ದು ನಕ್ಕೆವು. ಬೀಗದ ಮಾತು ಬೇಡ, ಮೊದಲು ಚಾವಣಿ ರಿಪೇರಿ ಮಾಡಿಸೋಣ ಎಂದ. ಪಕ್ಕದ ಮನೆಯವರು ಆಂಟಿಯನ್ನು ತಬ್ಬಿಕೊಂಡು ಅತ್ತೇಬಿಟ್ಟರು.

ಆ ಅಪ್ಪುಗೆಯಲ್ಲೇ ಆಂಟಿ ನನ್ನತ್ತ ಕತ್ತು ಹೊರಳಿಸಿ ಮೆಲ್ಲಗೆ ಹೇಳಿದರು: “ಅಲ್ಲಿಗಷ್ಟ ಬೇಡೀನ್ರಿ, ಟೆಕ್ಸಾಸಿಗಲ್ಲ. ಅದೂ ಚಾವಣಿ ಆಗೂತನಕ.”